ಸುಮ್ಮನೆ ಇದ್ದವಳು

ಆ ಮನೆಯಲ್ಲಿ ಫೋನ್ ಎತ್ತಿದ ಹೆಂಗಸರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಏನ್ಮಾಡ್ತಿದ್ದೀಯೆ?" ಎಂದು ಆ ಕಡೆಯಿಂದ ಅತ್ತೆಯೋ ಚಿಕ್ಕಮ್ಮನೋ ಕೇಳಿದರೆ ಸಾಕು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಿಂದ ಉಕ್ಕುವ ಹಾಲನ್ನು ಇಳಿಸಿ, ಇನ್ನೊಂದು ಕೈಯಿಂದ ತರಕಾರಿ ಸಿಪ್ಪೆ ಬಾಚುತ್ತ, "ಏನಿಲ್ಲಪ್ಪ, ಸುಮ್ಮನೆ ಇದ್ದೀನಿ" ಎನ್ನುವುದು. ಅಮ್ಮ ಹಾಗೆಯೇ ಹೇಳುತ್ತಿದ್ದಳು. ಅಮ್ಮನನ್ನು ನೋಡಿ ಮಗಳೂ ಕಲಿತಳು. ಮಗಳ ಹೆಸರು ಗುಂಡಿ. ಹುಟ್ಟಿದಾಗ ಗುಂಡುಗುಂಡಗಿದ್ದಳಂತೆ. ಈಗ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ ಬೆನ್ನುಮೂಳೆ ಎಣಿಸುವ ಹಾಗಾಗಿದ್ದರೂ ಹೆಸರು ಮಾತ್ರ ಹಾಗೆಯೇ ಉಳಿದಿತ್ತು.

ಅಣ್ಣನಿಗೆ ಮಗು ಹುಟ್ಟಿತು. ಅತ್ತಿಗೆಯ ರಜೆ ಮುಗಿಯುತ್ತ ಬಂತು. ಅಮ್ಮನ ಮಂಡಿ ಮೆಟ್ಟಿಲು ಹತ್ತಲು ಒಪ್ಪದೆ ಮುಷ್ಕರ ಹೂಡಿತ್ತು. ಒಂದು ಭಾನುವಾರ ಊಟವಾದ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟರು.

"ಆ ಬಣ್ಣದ ನೀರು ಕಲಸೋ ಓದು ಸಾಕು. ಈ ವರ್ಷದ ಫೀಸು ನಾನು ಕಟ್ಟಲ್ಲ. ಮನೇಲಿ ಸುಮ್ಮನೆ ಇರು."

ಗುಂಡಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಕೈ ನಿಂತಿತು. ಸುಮ್ಮನೆ ಇರುವುದೆಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು ನೀರು ತುಂಬುವುದು, ಎಲ್ಲರ ಡಬ್ಬಿ ಕಟ್ಟುವುದು, ಮಗುವಿನ ಬಟ್ಟೆ, ಅಪ್ಪನ ಶರ್ಟಿನ ಕಾಲರು, ಅಣ್ಣನ ಸಾಕ್ಸಿನ ತೂತು, ಮಧ್ಯಾಹ್ನಕ್ಕೆ ಒಂದು ಪಲ್ಯ, ರಾತ್ರಿಗೆ ಇನ್ನೊಂದು. ಇಷ್ಟೆಲ್ಲ ಮಾಡಿಯೂ ಸಂಜೆ ಮನೆಗೆ ಬಂದವರು "ಇಡೀ ದಿನ ಏನ್ಮಾಡ್ತಿದ್ದೆ?" ಎಂದಾಗ ಉತ್ತರವಿಲ್ಲದೆ ನಿಲ್ಲುವುದು.

"ಸುಮ್ಮನೆ ಇರೋಕೆ ನನಗೆ ಪುರುಸೊತ್ತಿಲ್ಲ ಅಪ್ಪ. ನಾನು ಕಾಲೇಜಿಗೆ ಹೋಗ್ತೀನಿ" ಎಂದಳು.

"ಹಾಗಾದ್ರೆ ಹೋಗು. ಹೋದವಳು ಈ ಮನೆ ಬಾಗಿಲಿಗೆ ಬರಬೇಡ."

ಅಣ್ಣ ಫೋನಿನಲ್ಲಿ ಮುಖ ಹುದುಗಿಸಿದ. ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ನಡೆದಳು. ಅಮ್ಮ ಸುಮ್ಮನಿದ್ದಳು. ಗುಂಡಿಗೆ ಅಪ್ಪನ ಮಾತಿಗಿಂತ ಹೆಚ್ಚು ಚುಚ್ಚಿದ್ದು ಅದು. ಜೋಡಿಸಿದ ತಟ್ಟೆಗಳನ್ನು ಅಲ್ಲೇ ಬಿಟ್ಟು, ಬಟ್ಟೆಬರೆ, ಪುಸ್ತಕ, ಲ್ಯಾಬಿನ ಬಿಳಿ ಕೋಟು ಒಂದು ಚೀಲಕ್ಕೆ ತುರುಕಿಕೊಂಡು ಹೊರಟಳು. ಜೀವಮಾನದಲ್ಲಿ ಮೊದಲ ಸಲ ತೊಳೆಯದೆ ಬಿಟ್ಟ ತಟ್ಟೆಗಳು ಅವು. ಬಸ್ಸಿನಲ್ಲಿ ಕೂತ ಮೇಲೂ ಕಣ್ಣ ಮುಂದೆ ಅವೇ ಬರುತ್ತಿದ್ದವು.

ಕಾಲೇಜಿನ ಗೆಳತಿಯೊಬ್ಬಳು ಮೂರನೇ ಮಹಡಿಯ ತಾರಸಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. "ಮೊದಲ ತಿಂಗಳ ಬಾಡಿಗೆ ಬಿಡು, ಆಮೇಲೆ ಅರ್ಧ ನಿಂದು, ಅರ್ಧ ನಂದು" ಎಂದು ಜಾಗ ಕೊಟ್ಟಳು. ತಗಡಿನ ಸೂರು, ಒಂದು ಕಿಟಕಿ, ನೀರಿನ ಟ್ಯಾಂಕಿನ ಗೊಳಗೊಳ. ಕಾಲೇಜಿನಲ್ಲಿ ಫೀಸು ಕಟ್ಟಲು ತಿಂಗಳ ಕೊನೆಯ ಶನಿವಾರದವರೆಗೆ ಗಡುವು ಕೊಟ್ಟರು. ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದರು.

ಕೆಲಸ ಸಿಕ್ಕಿದ್ದು ಮಾರ್ಕೆಟ್ಟಿನ ಹಿಂದಿನ ರಸ್ತೆಯ ಒಂದು ಆಲ್ಟರೇಶನ್ ಅಂಗಡಿಯಲ್ಲಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದ ಇದ್ದದ್ದು ಗಿಡ್ಡ, ಬಿಗಿಯಾದದ್ದು ಸಡಿಲ, ಕಿತ್ತ ಜಿಪ್ಪು, ಹರಿದ ಜೇಬು, ಅಷ್ಟೆ. ಒಡತಿಯನ್ನು ಆ ರಸ್ತೆಯಲ್ಲಿ ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. ಕೈಯಲ್ಲಿ ಹಿಡಿದ ಕತ್ತರಿಯಿಂದ ಬಂದ ಹೆಸರಲ್ಲ, ಬಾಯಲ್ಲಿದ್ದದ್ದರಿಂದ ಬಂದದ್ದು.

"ಹೆಸರೇನಮ್ಮ?"

"ಗುಂಡಿ." ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಅದೇ.

"ಗುಂಡಿ ನನ್ನ ಹತ್ರ ರಾಶಿ ಬಿದ್ದಿದೆ. ಹೆಸರು ಕೇಳ್ದೆ."

ಪರದೆಯ ಹಿಂದಿನಿಂದ ಒಂದು ಗೊಗ್ಗರು ನಗು ಕೇಳಿಸಿತು. ಅದು ಮಾಸ್ಟರ್‌ನದು. ಹರೆಯ ದಾಟಿ ಎಷ್ಟೋ ಕಾಲವಾದ, ಊಟಕ್ಕೆ ಕೂತಾಗಲೂ ಕೊರಳಿನ ಟೇಪು ತೆಗೆಯದ ಕಟಿಂಗ್ ಮಾಸ್ಟರ್. "ಇಟ್ಕೊಳ್ಳಿ ಅಮ್ಮಾವ್ರೇ, ರಸ್ತೆ ಗುಂಡಿ ಅಲ್ಲ ತಾನೆ!" ಎಂದು ಶಿಫಾರಸು ಮಾಡಿದ.

ಅಂಗಡಿಯ ನಡುವೆ ಒಂದು ದಪ್ಪ ಪರದೆ. ಮುಂದೆ ಕತ್ತರಿಯಮ್ಮ ಗಿರಾಕಿಗಳ ಜೊತೆ, ಹಿಂದೆ ಮಾಸ್ಟರ್ ಮತ್ತು ಗುಂಡಿ. ಕೂಲಿ ದಿನದ ಲೆಕ್ಕದಲ್ಲಲ್ಲ, ಕೆಲಸದ ಲೆಕ್ಕದಲ್ಲಿ. ಅದಕ್ಕೆ ಕತ್ತರಿಯಮ್ಮ ಕಂಡುಕೊಂಡ ಪದ್ಧತಿಯೇ ಬೇರೆ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ತಗಡಿನ ಡಬ್ಬ. ಸಂಜೆ ಶಟರ್ ಎಳೆಯುವ ಮೊದಲು ಅವಳು ಒಂದೊಂದೇ ಬಟ್ಟೆ ಹೆಸರಿಸುವುದು, ಮಾಡಿದವರು "ಆಯ್ತು" ಎನ್ನುವುದು, ಅವಳು ಅವರ ಡಬ್ಬಕ್ಕೆ ಒಂದು ಗುಂಡಿ ಹಾಕುವುದು. ಸಣ್ಣ ಕೆಲಸಕ್ಕೆ ಶರ್ಟಿನ ಗುಂಡಿ, ದೊಡ್ಡ ಕೆಲಸಕ್ಕೆ ಕೋಟಿನ ಗುಂಡಿ. ತಿಂಗಳ ಕೊನೆಗೆ ಡಬ್ಬ ಬೋರಲು ಹಾಕಿ ಎಣಿಸಿ ದುಡ್ಡು.

ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಸಂಜೆಯವರೆಗೆ ಅಂಗಡಿ. ಪ್ಯಾಂಟಿನ ಅಂಚು ಮಡಚಿ ಹೊಲಿಯುವುದು ಗುಂಡಿಯ ಪಾಲಿನ ಕೆಲಸ. ಕೈಯಲ್ಲಿದ್ದ ಪ್ಯಾಂಟು ಮುಗಿದರೆ ಅವಳಿಗೆ ತೊಡೆಯ ಮೇಲೆ ಕೈ ಇಟ್ಟು ಕೂರಲು ಬರುತ್ತಿರಲಿಲ್ಲ. ಮಾಸ್ಟರ್ ಬಿಚ್ಚಬೇಕಾದ ಹಳೆಯ ಹೊಲಿಗೆ ಬಿಚ್ಚಿ ಇಡುವಳು. ಉದುರಿದ ಗುಂಡಿ, ಹುಕ್ಕು ಹಾಕುವಳು. ಇಸ್ತ್ರಿ ಮಾಡಿ, ಮಡಚಿ, ಪೊಟ್ಟಣ ಕಟ್ಟುವಳು. ಅವಳು ಬರುವ ಮೊದಲು ಇವೆಲ್ಲ ಮಾಸ್ಟರ್‌ನ ಕೆಲಸವಾಗಿದ್ದವು.

ಸಂಜೆ ಪರದೆಯ ಆಚೆಯಿಂದ ಕತ್ತರಿಯಮ್ಮನ ಕೂಗು:

"ಬ್ಯಾಂಕಿನವರ ಕೋಟು ಇಸ್ತ್ರಿ ಆಯ್ತಾ?"

"ಆಯ್ತು" ಎಂದು ಮಾಸ್ಟರ್ ತಲೆ ಎತ್ತದೆ.

"ಟೀಚರ್ ಕುಪ್ಪಸದ ಹುಕ್ಕು?"

"ಆಯ್ತು."

ಡಬ್ಬದಲ್ಲಿ ಟಣ್, ಟಣ್. ಮಾಸ್ಟರ್‌ನ ಡಬ್ಬದಲ್ಲಿ. ಗುಂಡಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮನೆಯಲ್ಲೂ ಎಲ್ಲವೂ ಹೀಗೆ ತಾನಾಗಿ ಆಗುತ್ತಿತ್ತು. ಅಡುಗೆ ಆಯ್ತಾ? ಆಯ್ತು. ಬಟ್ಟೆ ಒಣಗ್ತಾ? ಒಣಗ್ತು. ಯಾರು ಮಾಡಿದರು ಎಂದು ಯಾರೂ ಕೇಳಿದ್ದೇ ಇಲ್ಲ. ಮಾಸ್ಟರ್ ಪಾಪದವನು, ಯಾವ ಕೆಲಸದ ಗುಂಡಿ ಯಾರ ಡಬ್ಬಕ್ಕೆ ಬೀಳುತ್ತದೆ ಎಂದು ಅವನು ಲೆಕ್ಕ ಇಡುತ್ತಿರಲಿಲ್ಲ.

ಗಡುವಿನ ಕೊನೆಯ ವಾರ ಅಣ್ಣ ಅಂಗಡಿ ಹುಡುಕಿಕೊಂಡು ಬಂದ. ಕಾಲರು ಮುದುರಿತ್ತು, ಶರ್ಟಿನ ಹೊಟ್ಟೆಯ ಬಳಿ ಒಂದು ಗುಂಡಿ ಇರಲಿಲ್ಲ.

"ಸಾಕು ಮಾಡೇ ಈ ಹಠ. ಫೀಸು ಹೊಂದಿಸೋಕೆ ನಿನ್ನ ಕೈಲಾಗಲ್ಲ ಅಂತ ನಿಂಗೂ ಗೊತ್ತು. ಅಪ್ಪನ ಹತ್ರ ಮಾತಾಡಿದ್ದೀನಿ, ಬೈಯಲ್ಲ. ಬಂದು ಸುಮ್ಮನೆ ಇದ್ಬಿಡು."

"ಅಮ್ಮ ಹೇಗಿದ್ದಾಳೆ?"

"ಅಮ್ಮಂಗೇನು, ಇದ್ದಾಳೆ. ಶನಿವಾರ ಬರ್ತೀನಿ. ಬ್ಯಾಗು ಕಟ್ಟಿಟ್ಟಿರು."

ಶುಕ್ರವಾರ ಸಂಜೆ ಕತ್ತರಿಯಮ್ಮ ಗುಂಡಿಯ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನಡುವೆ ಒಂದು ಸಣ್ಣ ಗುಡ್ಡೆ. ಕತ್ತರಿಯಮ್ಮ ಎಣಿಸಿ ದುಡ್ಡು ಮುಂದಿಟ್ಟಳು. ಬಾಡಿಗೆಯ ಅರ್ಧಕ್ಕೆ ಸರಿಯಾಗುತ್ತಿತ್ತು. ಫೀಸಿನ ಮಾತೇ ಇಲ್ಲ.

ಗುಂಡಿ ಆ ದುಡ್ಡನ್ನು ನೋಡಿದಳು. ಮನಸ್ಸಿನಲ್ಲಿ ಆಗಲೇ ಚೀಲ ಕಟ್ಟಿ ಆಗಿತ್ತು. ಕಣ್ಣ ಮುಂದೆ ಆ ತಟ್ಟೆಗಳು, ಒಂದರ ಮೇಲೊಂದು, ಬಿಟ್ಟು ಬಂದ ಹಾಗೆಯೇ.

"ಆಂಟಿ, ನಾಳೆಯಿಂದ ನಾನು ಬರಲ್ಲ. ವಾಪಸ್ ಮನೆಗೆ ಹೋಗ್ತೀನಿ."

"ಬರೀ ಇಷ್ಟಕ್ಕೆ ಹೆದರಿಕೊಂಡ್ಯಾ? ನಾನೂ ಕೇಳಬೇಕು ಅಂದ್ಕೊಂಡಿದ್ದೆ. ತಿಂಗಳಿಡೀ ಬಂದಿದ್ದೀಯ, ಒಂದಿನ ತಪ್ಪಿಸಿಲ್ಲ. ಡಬ್ಬದಲ್ಲಿ ನೋಡಿದ್ರೆ ತಳಾನೂ ಮುಚ್ಚಿಲ್ಲ. ಪರದೆ ಹಿಂದೆ ಇಷ್ಟು ಹೊತ್ತು ಏನ್ಮಾಡ್ತಿದ್ದೆ ಮತ್ತೆ?"

ಗುಂಡಿ ಯೋಚಿಸಲಿಲ್ಲ. ಯೋಚಿಸಿದ್ದರೆ ಬೇರೆ ಮಾತು ಬರುತ್ತಿತ್ತೇನೋ. ಆದರೆ ಆ ಪ್ರಶ್ನೆಗೆ ಅವಳ ನಾಲಿಗೆಯಲ್ಲಿದ್ದದ್ದು ಒಂದೇ ಉತ್ತರ.

"ಏನಿಲ್ಲ ಆಂಟಿ. ಸುಮ್ಮನೆ ಇದ್ದೆ."

ಪರದೆ ಸರ‍್ರನೆ ಸರಿಯಿತು. ಟೇಪು ತೂಗಾಡಿಸುತ್ತ ಮಾಸ್ಟರ್ ಹೊರಗೆ ಬಂದ.

"ಸುಮ್ಮನೆ ಇದ್ದೆಯಾ? ಹಾಗಾದ್ರೆ ಒಂದು ತಿಂಗಳಿಂದ ಇಸ್ತ್ರಿ ಮಾಡಿದ್ದು ಯಾವ ದೆವ್ವನಮ್ಮ?"

"ಇಸ್ತ್ರಿ ನೀನಲ್ವೇನಯ್ಯ ಮಾಡಿದ್ದು?" ಎಂದಳು ಕತ್ತರಿಯಮ್ಮ.

"ನಾನಾ? ಇವಳು ಬಂದ ಮೇಲೆ ಇಸ್ತ್ರಿಪೆಟ್ಟಿಗೆ ಬಿಸಿ ಇದ್ಯಾ ತಣ್ಣಗಿದ್ಯಾ ಅಂತಾನೂ ನಂಗೊತ್ತಿಲ್ಲ."

"ಮತ್ತೆ ದಿನಾ ಕೇಳಿದಾಗ ಬಾಯ್ತುಂಬ ಹೇಳ್ತಿದ್ಯಲ್ಲ!"

"ನೀವು ಆಯ್ತಾ ಅಂದ್ರಿ, ನಾನು ಆಯ್ತು ಅಂದೆ. ಮಾಡ್ದೆ ಅಂದ್ನಾ? ಆಗಿತ್ತು ತಾನೆ?"

ಕತ್ತರಿಯಮ್ಮ ಅವನ ಡಬ್ಬ ಎತ್ತಿ ನೋಡಿದಳು. ಅದು ಕಲ್ಲಿನ ಹಾಗೆ ಭಾರವಾಗಿತ್ತು. ಮಾಸ್ಟರ್‌ನ ಮುಖ ಇಳಿಯಿತು.

"ಡಬ್ಬ ತುಂಬಿದ್ದು ನೋಡಿ ನನ್ನ ಕೈ ಚುರುಕಾಗಿದೆ ಅಂದ್ಕೊಂಡೆ, ಅಮ್ಮಾವ್ರೇ. ಮನೇಲಿ ಹೆಂಡ್ತಿ ಹತ್ರ ಜಂಬಾನೂ ಕೊಚ್ಕೊಂಡೆ."

"ಹೋಗಿ ವಾಪಸ್ ತಗೋ ಆ ಜಂಬ." ಅವಳು ಗುಂಡಿಯ ಕಡೆ ತಿರುಗಿದಳು. ಈಗ ಕತ್ತರಿ ಪೂರ್ತಿ ತೆರೆದಿತ್ತು. "ಏನೇ, ನಾನು ದುಡಿಸ್ಕೊಂಡು ದುಡ್ಡು ಕೊಡದೆ ಇರೋಳಾ? ಸುಮ್ಮನೆ ಇದ್ದೆ, ಸುಮ್ಮನೆ ಇದ್ದೆ ಅಂತ ಹೇಳಿ ನನ್ನ ಕಳ್ಳಿ ಮಾಡ್ಬಿಟ್ಯಲ್ಲೇ!"

"ಅದನ್ನೆಲ್ಲ... ಕೈ ಖಾಲಿ ಇದ್ದಾಗ ಮಾಡಿದ್ದು ಆಂಟಿ. ಅದೂ ಕೆಲಸಾನಾ?"

"ಗಿರಾಕಿ ಅದಕ್ಕೆ ದುಡ್ಡು ಕೊಟ್ಟಿದ್ದಾನೆ ಅಂದ್ಮೇಲೆ ಇನ್ನೇನು, ಆಟಾನಾ? ಕೂತ್ಕೋ ಇಲ್ಲಿ. ಏನೇನು ಮಾಡಿದೆ, ಬಾಯಿಬಿಟ್ಟು ಹೇಳು."

ಗುಂಡಿ ಸ್ಟೂಲಿನ ಮೇಲೆ ಕೂತಳು. "ಬ್ಯಾಂಕಿನವರ ಕೋಟು ಇಸ್ತ್ರಿ ಆಯ್ತು..."

"ಆಯ್ತು ಅಂದ್ರೆ? ಕೋಟು ತಾನೇ ಎದ್ದು ಇಸ್ತ್ರಿ ಮಾಡ್ಕೊಳ್ತಾ?"

"ಮಾಡಿದೆ."

"ಯಾರು?"

"ನಾನು ಮಾಡಿದೆ." ಆ ಮಾತು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಯಾರೋ ಬಾಗಿಲಲ್ಲಿ ನಿಂತು "ಎಷ್ಟು ಸೊಕ್ಕು" ಎನ್ನುತ್ತಾರೇನೋ ಎಂದು ತಿರುಗಿ ನೋಡಿದಳು. ಅಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. "ಟೀಚರ್ ಕುಪ್ಪಸಕ್ಕೆ ಹುಕ್ಕು ಹಾಕಿದೆ. ಪೊಲೀಸರ ಪ್ಯಾಂಟಿನ ಜೇಬು ಬಿಚ್ಚಿಕೊಟ್ಟೆ. ಆ ಉದ್ದದ ಗೌನಿನ ಹೊಲಿಗೆ ಬಿಚ್ಚೋಕೆ ಎರಡು ದಿನ ಹಿಡೀತು. ನಾನೇ ಬಿಚ್ಚಿದೆ."

ಮರೆತದ್ದನ್ನು ಮಾಸ್ಟರ್ ನೆನಪಿಸಿದ. ಪ್ರತಿ ಮಾತಿಗೂ ಅವನ ಡಬ್ಬದಿಂದ ಒಂದು ಗುಂಡಿ ಮೇಜಿನ ಈ ಕಡೆ ಬಂತು. ಹೊಲಿಗೆ ಬಿಚ್ಚುವುದಕ್ಕೆ ಕತ್ತರಿಯಮ್ಮ ಕೋಟಿನ ಗುಂಡಿಯನ್ನೇ ಇಟ್ಟಳು. "ಹೊಲಿಯೋದಕ್ಕಿಂತ ಬಿಚ್ಚೋದೇ ಕಷ್ಟ, ನಂಗೊತ್ತಿಲ್ವಾ?" ಎಂದಳು. ಸಣ್ಣ ಗುಡ್ಡೆ ಬೆಳೆದು ಮೇಜಿನ ಅಂಚಿಗೆ ಬಂದು, ಒಂದೆರಡು ಗುಂಡಿ ಉರುಳಿ ಕೆಳಗೆ ಬಿದ್ದವು. ಮಾಸ್ಟರ್ ಬಗ್ಗಿ ಹುಡುಕಿ ಎತ್ತಿಕೊಟ್ಟ.

ಬಾಡಿಗೆ ಆಗಿ, ಫೀಸು ಆಗಿ, ಬಸ್ಸಿಗೆ ಒಂದಿಷ್ಟು ಉಳಿಯಿತು. ಗುಂಡಿ ಆ ನೋಟುಗಳನ್ನು ಹಿಡಿದುಕೊಂಡು ಗೋಡೆಗೆ ಒರಗಿದಳು. ಅಳು ಬರುತ್ತದೆ ಎಂದುಕೊಂಡಳು, ಬಂದದ್ದು ಆಕಳಿಕೆ. ತಿಂಗಳಿಡೀ ಹೆಗಲಿಗೆ ಬಿಗಿದುಕೊಂಡಿದ್ದ ಯಾವುದೋ ಗಂಟು ಸಡಿಲವಾದಂತೆ ಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಬರುವಷ್ಟು ದೊಡ್ಡ ಆಕಳಿಕೆ.

ಶನಿವಾರ ಬೆಳಗ್ಗೆಯೇ ಕಾಲೇಜಿಗೆ ಹೋಗಿ ಫೀಸು ಕಟ್ಟಿದಳು. ಮಧ್ಯಾಹ್ನ ಅಣ್ಣ ಬಂದ. ಅದೇ ಶರ್ಟು, ಹೊಟ್ಟೆಯ ಬಳಿ ಇನ್ನೂ ಅದೇ ಕಿಂಡಿ.

"ಎಲ್ಲೇ ಬ್ಯಾಗು?"

"ಫೀಸು ಕಟ್ಟಿದೆ ಅಣ್ಣ. ನಾನು ಬರಲ್ಲ."

ಅವನು ಕತ್ತರಿಯಮ್ಮನ ಕಡೆ, ಪರದೆಯ ಕಡೆ, ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ. ಕೊನೆಗೆ ತನ್ನ ಶರ್ಟಿನ ಕಡೆ ನೋಡಿಕೊಂಡ. "ಹೇಗೂ ಬಂದಿದ್ದೀನಲ್ಲ, ಇದೊಂದು ಹಾಕಿಕೊಡು."

ಗುಂಡಿ ಸೂಜಿಗೆ ದಾರ ಪೋಣಿಸಿ, ಅವನು ನಿಂತಿದ್ದ ಹಾಗೆಯೇ ಗುಂಡಿ ಹಾಕಿ, ದಾರ ಹಲ್ಲಿನಿಂದ ಕಡಿದಳು. ಅವನು ಶರ್ಟು ಎಳೆದುಕೊಂಡು ಹೊರಟ.

"ಏನಪ್ಪಾ, ದುಡ್ಡು?" ಎಂದಳು ಕತ್ತರಿಯಮ್ಮ.

"ನಾನು ಅವಳ ಅಣ್ಣ!"

"ಸಂತೋಷ. ದುಡ್ಡು?"

ಅಣ್ಣ ತಂಗಿಯನ್ನು ನೋಡಿದ. ತಂಗಿ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚುತ್ತಿದ್ದಳು. ಅವನು ಜೇಬಿಗೆ ಕೈ ಹಾಕಿ ಚಿಲ್ಲರೆ ತೆಗೆದು ಇಟ್ಟು ಹೋದ. ಟಣ್ ಎಂದಿತು ಗುಂಡಿಯ ಡಬ್ಬ.

ಮಾರನೇ ದಿನ ಅಂಗಡಿಗೂ ರಜೆ, ಕಾಲೇಜಿಗೂ ರಜೆ. ಗೆಳತಿ ಎಲ್ಲಿಗೋ ಹೋಗಿದ್ದಳು. ಗುಂಡಿ ತಿಂಡಿ ತಿಂದ ತಟ್ಟೆಯನ್ನು ಹಾಗೆಯೇ ಬಿಟ್ಟು, ಚಾಪೆಯ ಮೇಲೆ ಅಂಗಾತ ಮಲಗಿ, ಎರಡೂ ಕಾಲನ್ನು ಗೋಡೆಗೆ ಆನಿಸಿದ್ದಳು. ಟ್ಯಾಂಕು ಗೊಳಗೊಳ ಎನ್ನುತ್ತಿತ್ತು. ಫೋನ್ ಬಂತು. ಅಮ್ಮ. ಮನೆ ಬಿಟ್ಟ ಮೇಲೆ ಮೊದಲ ಸಲ.

ಆ ಕಡೆ ನಲ್ಲಿಯ ಸದ್ದು, ಪಾತ್ರೆಯ ಸದ್ದು, ನಡುವೆ ಅಮ್ಮನ ಸಣ್ಣ ದನಿ. "ಅಣ್ಣ ಎಲ್ಲಾ ಹೇಳ್ದ. ಊಟ ಸರಿಯಾಗಿ ಮಾಡ್ತಿದ್ದೀಯ ತಾನೆ? ಈಗ ಏನ್ಮಾಡ್ತಿದ್ದೀಯೆ?"

"ಸುಮ್ಮನೆ ಇದ್ದೀನಿ ಅಮ್ಮ."

ಆ ಕಡೆ ನಲ್ಲಿ ನಿಂತಿತು. ಅಮ್ಮನಿಗೆ ಆ ಮಾತಿನ ಒಳಹೊರಗು ಗೊತ್ತಿತ್ತು. "ನಿಜ ಹೇಳು."

"ನಿಜವಾಗ್ಲೂ. ಕಾಲು ಗೋಡೆಗೆ ಆನಿಸ್ಕೊಂಡು ಮಲಗಿದ್ದೀನಿ. ಕೈಯಲ್ಲಿ ಏನೂ ಇಲ್ಲ. ನೀನು?"

"ನಾನೇನು, ಸುಮ್ಮ..." ಎಂದು ಶುರುಮಾಡಿದವಳು ಅಲ್ಲಿಗೇ ತಡೆದಳು. "ಪಾತ್ರೆ ತೊಳೀತಿದ್ದೀನಿ ಕಣೆ. ಎರಡು ಬಕೆಟ್ ಬಟ್ಟೆ ಒಗೆದು ಹಾಕಿದೆ. ಮಗೂಗೆ ಸ್ನಾನ ಮಾಡಿಸಿ ಮಲಗಿಸಿದೆ. ಈ ಮಂಡಿ ಇಟ್ಕೊಂಡು ಮೇಲೆ ಕೆಳಗೆ..."

ದೂರದಿಂದ ಅಪ್ಪನ ಗಡಸು ದನಿ ಕೇಳಿಸಿತು: "ಯಾರದು ಫೋನು? ಎಷ್ಟು ಹೊತ್ತು? ಅಲ್ಲಿ ಕಾಫಿ ಆಯ್ತಾ?"

ಅಮ್ಮ ಫೋನಿಗೆ ಕೈ ಅಡ್ಡ ಹಿಡಿದಳು. ಆದರೂ ಗುಂಡಿಗೆ ಚೆನ್ನಾಗಿಯೇ ಕೇಳಿಸಿತು.

"ಒಂಚೂರು ಸುಮ್ಮನಿರಿ. ನನ್ನ ಮಗಳ ಹತ್ರ ಮಾತಾಡ್ತಿದ್ದೀನಿ."