ಗೋದಾಮು ಕಾಯಲು ಬರೆಸಿದ ಅರ್ಜಿ

ಹರಪನಹಳ್ಳಿಯ ಮೆಕ್ಕೆಜೋಳದ ಗೋದಾಮಿಗೆ ರಾತ್ರಿ ಕಾಯುವವರು ಬೇಕಾಗಿದ್ದರು. ನನ್ನಂಥ ವಯಸ್ಸಾದವರಿಗೆ ಕೆಲಸ ಕೊಡುವವರು ಕಡಿಮೆ. ಇದು ತಪ್ಪಬಾರದೆಂದು ಅರ್ಜಿ ಬರೆಸಲು ಕೊಟ್ಟೂರಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಣ್ಣುಮಗಳು ಎಐಗೆ ಹೇಳಿದಳು, ಅದು ಬರೆದೇಬಿಟ್ಟಿತು. 'ಒಂದು ಕ್ಷಣವೂ ಗೇಟಿನಿಂದ ಕಣ್ಣು ತೆಗೆಯುವುದಿಲ್ಲ' ಎಂದಿತ್ತು.

"ಅದು ಸುಳ್ಳಾಗತೈತವ್ವ. ನಸುಕಿನಾಗ ಅರ್ಧ ತಾಸು ನನ್ನ ಪೂಜಿ ಐತಿ," ಅಂದೆ.

ಅವಳು ಟೈಪ್ ಮಾಡಿದಳು. "ಗುಡಿ ಎಷ್ಟು ದೂರ ಅಂತ ಕೇಳತೈತ್ರಿ ಅಜ್ಜಾರ."

ಯಂತ್ರಕ್ಕೆ ಕೇಳುವುದೂ ಗೊತ್ತಿದೆಯಲ್ಲ ಎಂದು ನನಗೆ ಸೋಜಿಗವಾಯಿತು. "ಗುಡಿ ಯಾಕವ್ವ? ಲಿಂಗ ಕೊರಳಾಗ ಐತಿ. ಅಂಗೈಯಾಗ ಹಿಡಕೊಂಡು ಕುಂತಲ್ಲೇ ಪೂಜಿ."

"ಗೇಟಿನಾಗ ಕುಂತೇ ಪೂಜಿ ಮಾಡ್ತೀನಿ ಅಂತ ಬರದೈತಿ ನೋಡ್ರಿ. ಕಾವಲೂ ಆತು."

"ಆವಾಗ ಕಣ್ಣು ಲಿಂಗದ ಮ್ಯಾಲಿರತಾವ, ಗೇಟಿನ ಮ್ಯಾಲಲ್ಲ. ಅರ್ಧ ತಾಸು ಕಾಯಂಗಿಲ್ಲ ಅಂತ ಬರಿ."

"ಕೆಲಸ ತಪ್ಪಬಹುದು, ಬ್ಯಾಡ ಅನ್ನತೈತ್ರಿ."

"ಅದಕ್ಕ ಪೂಜಿ ಇಲ್ಲ, ಪಾಪ. ನೀ ಬರಿಯವ್ವ."

ಗೋದಾಮಿನ ಸಾಹುಕಾರರು ಅರ್ಜಿ ಓದಿ, ಅರ್ಧ ತಾಸಿನ ಸಾಲಿನ ಮೇಲೆ ಬೆರಳಿಟ್ಟು, "ನಾಳೆಯಿಂದ ಬರ್ರಿ," ಅಂದರು.

ಈಗ ನಸುಕಿನಲ್ಲಿ ಪೂಜೆ ಮುಗಿಸಿ ಕಣ್ಣೆತ್ತಿದರೆ ಅವರೇ ಗೇಟಿನ ಬಳಿ ನಿಂತಿರುತ್ತಾರೆ. ಕೇಳಿದರೆ ವಾಕಿಂಗ್ ಅನ್ನುತ್ತಾರೆ. ಗೇಟು ಬಿಟ್ಟು ಅವರು ಒಂದು ಹೆಜ್ಜೆ ನಡೆದದ್ದನ್ನು ನಾನಂತೂ ನೋಡಿಲ್ಲ.