ಫಾರಂನಲ್ಲಿ ಇಲ್ಲದ ಪಾಳಿ

ಮೊನ್ನೆ ಹೊಸ ಇಳಕಲ್ ಸೀರೆಯ ಮಡಿಕೆ ಬಿಡಿಸಿದೆ. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನರ್ಸಬಾಯಿ ಎದುರಿಗೆ ಬಂದು ಕೂತಂತಾಯಿತು...

ಎಂಬತ್ತರ ದಶಕದ ಮಾತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವರು ವಾರಕ್ಕೊಮ್ಮೆ ತಾಯಂದಿರಿಗೆ ಮಕ್ಕಳ ಊಟ-ಉಪಚಾರದ ಪಾಠ ಹೇಳುತ್ತಿದ್ದರು. ಅದರಿಂದ ಉಪಯೋಗವಿದೆಯೇ ಎಂದು ಲೆಕ್ಕ ಹಾಕಲು ನನ್ನನ್ನು ಬಾಗಲಕೋಟೆಯ ಆರೋಗ್ಯ ಕಚೇರಿಯಿಂದ ಕಳಿಸಿದ್ದರು. ನರ್ಸಬಾಯಿ ಅಲ್ಲಿ ಉಳಿಯುವುದು ಬಿಡುವುದು ಆ ಲೆಕ್ಕದ ಮೇಲಿತ್ತು. ಊರಲ್ಲಿ ನನ್ನವರೆಂಬವರಿಲ್ಲ. ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತ ಉಣ್ಣುತ್ತಿದ್ದೆ. ಅದು ಹೇಗೋ ಅವರಿಗೆ ಗೊತ್ತಾಯಿತು.

"ಒಬ್ಬಾಕೀನ ಕುಂತು ಉಂಡ್ರ ರೊಟ್ಟಿ ಗಂಟಲದಾಗ ಇಳಿತೈತೇನ ತಂಗಿ? ನನಗೂ ಯಾರಿಲ್ಲ, ಬಾ."

ಅಂದಿನಿಂದ ಅವರ ಮನೆಯಲ್ಲೇ ಊಟ.

ಪಾಠಕ್ಕೆ ಬಂದ ತಾಯಂದಿರ ಮಕ್ಕಳು ತೂಕದಲ್ಲಿ ಚೆನ್ನಾಗಿ ಏರಿದ್ದವು. ತಾಯಂದಿರ ತಿಳುವಳಿಕೆ ಹೆಚ್ಚಿದ್ದರಿಂದಲೇ ಹೀಗಾಗಿದೆಯೆಂದು ನಂಬಿ, ಫಾರಂ ತುಂಬ ಅದರ ಪ್ರಶ್ನೆಗಳನ್ನೇ ಇಟ್ಟಿದ್ದೆವು. ಕೋಷ್ಟಕ ಹಾಕಿ ನೋಡಿದರೆ ಬೇರೆಯೇ ಕಥೆ. ಒಂದೇ ಮಟ್ಟದ ತಿಳುವಳಿಕೆಯ ಇಬ್ಬರು ತಾಯಂದಿರಲ್ಲೂ ಪಾಠಕ್ಕೆ ಬಂದವಳ ಕೂಸೇ ಗಟ್ಟಿಮುಟ್ಟು. ತೂಕ ಏರಿದ್ದರಲ್ಲಿ ತಿಳುವಳಿಕೆಯ ಪಾಲು ತೀರಾ ಸಣ್ಣದು. ಉಳಿದದ್ದನ್ನೆಲ್ಲ, ಬೇರೆ ಕಾರಣ ಹುಡುಕದೆ, 'ಪಾಠದ ನೇರ ಪರಿಣಾಮ' ಎಂದು ಬರೆದು, ಹೆಮ್ಮೆಯಿಂದ ಬಾಯಿಗೆ ಓದಿ ಹೇಳಿದೆ.

"ನೇರ ಅಂದ್ರ ಏನವಾ? ನೀ ಕೇಳಲಾರದ್ದೆಲ್ಲಾ ನೇರ ಆತೇನು?" ಎಂದರು. "ಪಾಳಿ ವಿಚಾರ ಬರದೀಯೋ ಇಲ್ಲೋ?"

ಪಾಳಿ... ದಿನಾ ಕಣ್ಣಾರೆ ಕಾಣುತ್ತಿದ್ದುದೇ. ಮೊದಲೆಲ್ಲ ತಾಯಂದಿರ ಮಗ್ಗದ ಕೆಲಸ ಮುಗಿಯುವವರೆಗೆ ಕೂಸುಗಳು ಹಸಿದು ಕೂರುತ್ತಿದ್ದವಂತೆ. ಪಾಠಕ್ಕೆ ಬಂದ ಹೆಂಗಸರಿಗೆ ಬಾಯಿ ಒಂದು ಕಟ್ಟಳೆ ಮಾಡಿದ್ದರು: ದಿನಕ್ಕೊಬ್ಬಾಕೆ ಮಗ್ಗದ ಕಂಡಿಕೆಗೆ ನೂಲು ಸುತ್ತುವುದು ಬಿಟ್ಟು, ಎಲ್ಲರ ಕೂಸುಗಳಿಗೂ ಹೊತ್ತಿಗೆ ಸರಿಯಾಗಿ ಉಣಿಸಬೇಕು. ಯಾರಾದರೂ ಮುನಿಸಿಕೊಂಡು ಪಾಳಿ ತಪ್ಪಿಸಿದರೆ ತಾವೇ ಹೋಗಿ ರಮಿಸಿ ಕರೆತರುತ್ತಿದ್ದರು.

"ಅದಕ್ಕ ಫಾರಂದಾಗ ಖಾನೇನ ಇಲ್ರಿ" ಎಂದು ನಕ್ಕೆ. ಎಂಥ ಸೊಕ್ಕು ನನ್ನದು.

ವರದಿ ಮೇಲಕ್ಕೆ ಹೋಯಿತು. ಫಲ ನೇರವಾಗಿ ಪಾಠದ್ದೇ ಎಂದ ಮೇಲೆ ಹೇಳುವವರು ಯಾರಾದರೇನು? ಮೇಲಿನವರು ಪಾಠವನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರು, ಬಾಯಿಯನ್ನು ಬಾದಾಮಿ ಕಡೆಯ ಹಳ್ಳಿಗೆ ವರ್ಗ ಮಾಡಿದರು. ಬಸ್ಸು ಹತ್ತುವಾಗ ಅವರು ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. "ಹೊತ್ತಿಗೆ ಸರಿಯಾಗಿ ಉಣ್ಣವಾ" ಎಂದರು, ಅಷ್ಟೇ. ರಮಿಸುವವರಿಲ್ಲದೆ ಪಾಳಿ ಮುರಿಯಿತು. ಮುಂದಿನ ಸಲ ತೂಗಿದಾಗ ಮಕ್ಕಳ ತೂಕ ಇಳಿದಿತ್ತು.

ತಪ್ಪೊಪ್ಪಿಕೊಂಡು ಪತ್ರ ಬರೆಯಬೇಕೆಂದುಕೊಂಡೆ... ಬರೆಯಲಿಲ್ಲ. ಕೊನೆಗೆ ಅವರು ತೀರಿಹೋದ ಸುದ್ದಿಯೇ ಬಂತು.

ಮೊನ್ನೆ ಸೀರೆ ಮಡಚಿಟ್ಟು ಉಣ್ಣಲು ಕೂತಾಗ ಹೊತ್ತು ಮೀರಿತ್ತು. ಈಗ ನಾನೂ ಒಬ್ಬಳೇ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.