ಸೊಳ್ಳೆಯಕ್ಕನ ಅಮ್ಮನ ರಕ್ತ

ರೋಗಿಗಳ ಬಾಯಲ್ಲಿ ಅವಳು ಸೊಳ್ಳೆಯಕ್ಕ. ಆಸ್ಪತ್ರೆಯ ನೆಲಮಹಡಿಯಲ್ಲಿ ರಕ್ತ ತೆಗೆಯುವುದು ಅವಳ ಕಸುಬು; ಊರಿನ ಅರ್ಧ ಜನ ತನಗೆ ರಕ್ತಸಂಬಂಧಿಗಳೆಂದು ತಾನೇ ಹೇಳಿಕೊಂಡು ನಗುವಳು. ತೋಳಿಗೆ ಪಟ್ಟಿ ಬಿಗಿದು, ಬೆರಳ ತುದಿಯಲ್ಲಿ ನರ ತಡವಿ, ಏನೋ ಮಾತಿಗೆಳೆದು, ಆ ಮಾತು ಮುಗಿಯುವಷ್ಟರಲ್ಲಿ ಸೂಜಿ ಹೊರಗೆ. "ಚುಚ್ಚಿ ಆಯ್ತಾ?" ಎಂದು ಕೇಳಿದವರೇ ಹೆಚ್ಚು.

ಮರೆವಿನ ಕಾಯಿಲೆಯವರ ರಕ್ತದಲ್ಲಿ ದೇಹದ ಕಾವಲುಪಡೆ ಏನೇನು ಗುರುತು ಬಿಟ್ಟಿರುತ್ತದೆ ಎಂದು ಮೇಲಿನ ಮಹಡಿಯ ಡಾಕ್ಟರಮ್ಮ ಸಂಶೋಧನೆ ಶುರುಮಾಡಿದಾಗ, ಸೊಳ್ಳೆಯಕ್ಕ ತನ್ನ ಅಮ್ಮನನ್ನೂ ಅದಕ್ಕೆ ಸೇರಿಸಿದಳು. ಅಮ್ಮ ಒಂದು ಕಾಲದಲ್ಲಿ ಟೆಲಿಫೋನ್ ಆಫೀಸಿನ ಆಪರೇಟರ್. ಊರಿನ ನಂಬರುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಈಗ ಎದುರಿಗೆ ನಿಂತ ಮಗಳೇ ರಾಂಗ್ ನಂಬರ್.

ಎರಡನೆಯ ಸಲ ರಕ್ತ ಕೊಡುವ ಹೊತ್ತಿಗೆ ಅಮ್ಮ ಊಟ ಬಿಟ್ಟಿದ್ದಳು. ಚಮಚ ಕಂಡರೆ ಮುಖ ತಿರುಗಿಸುವಳು, ಒತ್ತಾಯಿಸಿದರೆ ಕೈ ಎತ್ತುವಳು.

ತಮ್ಮ ಫೋನ್ ಮಾಡಿದ. "ಅಕ್ಕಾ, ಕಾಯಿಲೆ ಕೊನೇ ಹಂತಕ್ಕೆ ಬಂದಿದೆ. ನುಂಗೋದೇ ಮರೆತುಹೋಗಿದೆ ಅಮ್ಮಂಗೆ. ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಕೇಳ್ತೀನಿ."

"ಒಂದು ವಾರ ತಡಿಯೋ," ಎಂದಳು. ತಡೆದು ಮಾಡುವುದೇನೆಂದು ಅವಳಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ವರದಿ ಬಂತು. ಉರಿಯೂತದ ಗುರುತುಗಳು ಹಿಂದಿನ ಸಲಕ್ಕಿಂತ ಎಷ್ಟೋ ಪಟ್ಟು ಏರಿದ್ದವು. ಕಸುಬಿನವರ ಬುದ್ಧಿ ನೋಡಿ, ಸೊಳ್ಳೆಯಕ್ಕನಿಗೆ ಮೊದಲು ಅನುಮಾನ ಬಂದದ್ದು ಟ್ಯೂಬಿನ ಮೇಲೆ. ಯಾರದೋ ಟ್ಯೂಬು ಅದಲುಬದಲಾಗಿದೆ ಎಂದುಕೊಂಡು ಮತ್ತೆ ರಕ್ತ ತೆಗೆದಳು, ಹೆಸರಿನ ಚೀಟಿಯನ್ನು ಓದಿ ಓದಿ ಅಂಟಿಸಿದಳು. ಫಲಿತಾಂಶ ಜಪ್ಪಯ್ಯ ಅನ್ನಲಿಲ್ಲ.

"ಮರೆವು ಇಷ್ಟು ಜೋರಾಗಿಬಿಡ್ತಾ, ಡಾಕ್ಟರಮ್ಮ?"

"ಮರೆವು ಹೀಗೆ ದಿಢೀರ್ ಅಂತ ಏರಿಸಲ್ಲ ರೀ. ಎಲ್ಲೋ ಸೋಂಕಿರ್ಬೇಕು. ಕಾವಲಿನವರು ಬೊಬ್ಬೆ ಹೊಡೀತಿದ್ದಾರೆ, ಎಲ್ಲಿಂದ ಅಂತ ಮಾತ್ರ ಹೇಳಲ್ಲ. ಬಾಯಿ ನೋಡಿದ್ರಾ?"

ನೋಡಿರಲಿಲ್ಲ. ದಿನಾ ತುತ್ತು ಹಿಡಿದು ಕಾದು ಕೂತ ಬಾಯಿಯೊಳಗೆ ಒಮ್ಮೆಯೂ ಇಣುಕಿರಲಿಲ್ಲ. ಡಾಕ್ಟರಮ್ಮ ಟಾರ್ಚ್ ಬಿಟ್ಟರು. ಹಿಂದಿನ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿದ ಗುಳ್ಳೆ. 'ನೋವು' ಎಂಬ ಪದ ಅಮ್ಮನಿಂದ ಎಂದೋ ಜಾರಿಹೋಗಿತ್ತು. ಅವಳ ಪರವಾಗಿ ರಕ್ತ ದೂರು ಕೊಟ್ಟಿತ್ತು.

ಹಲ್ಲು ಕಿತ್ತರು, ಔಷಧಿ ಕೊಟ್ಟರು. ಮುಂದಿನ ಸಲದ ವರದಿಯಲ್ಲಿ ಗುರುತುಗಳು ಇಳಿದಿದ್ದವು.

"ಮರೆವು ಇಳಿಯಲ್ಲ, ಗೊತ್ತಲ್ಲ?" ಎಂದರು ಡಾಕ್ಟರಮ್ಮ, ಮೆಲ್ಲಗೆ.

"ಗೊತ್ತು."

"ಚಿಕ್ಕವರಿದ್ದಾಗ ಇವರಿಗೆ ದಡಾರ ಬಂದಿತ್ತಾ?"

"ಬಂದಿತ್ತಂತೆ, ಐದು ವರ್ಷದವಳಿದ್ದಾಗ. ಅಜ್ಜಿ ಹೇಳ್ತಿದ್ರು."

"ಅದರ ಜೊತೆ ಹೊಡೆದಾಡಿದ ನೆನಪು ಇವರ ರಕ್ತದಲ್ಲಿ ಇನ್ನೂ ಇರುತ್ತೆ. ಆ ದಡಾರ ಮತ್ತೆ ಬಂದ್ರೆ ಗುರುತು ಹಿಡಿಯುತ್ತೆ."

ಸೊಳ್ಳೆಯಕ್ಕ ಆಗಷ್ಟೇ ತೆಗೆದ ಅಮ್ಮನ ರಕ್ತದ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೂ ಬೆಚ್ಚಗಿತ್ತು. ಇಷ್ಟು ವರ್ಷ ತೆಗೆದು ತೆಗೆದು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದು ಇದನ್ನೇನಾ? ಮಗಳ ಮುಖ ಮರೆತ ಈ ಮೈಯೊಳಗೆ, ಐದು ವರ್ಷದ ಒಬ್ಬ ಹುಡುಗಿಯ ಜ್ವರಕ್ಕೆ ಇಂದಿಗೂ ಯಾರೋ ಕಾವಲು ಕೂತಿದ್ದರು. ಅವಳಿಗೆ ಟ್ಯೂಬನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಸಂಜೆ ತಮ್ಮನ ಫೋನು. "ಹಾಸಿಗೆ ಸಿಕ್ಕಿದೆ ಅಕ್ಕಾ."

"ಬೇರೆ ಯಾರಿಗಾದ್ರೂ ಕೊಡ್ಲಿ ಬಿಡೋ. ಇಲ್ಲಿ ಸೂಪು ಎರಡನೇ ಬಟ್ಟಲು ನಡೀತಿದೆ."

"ನಿನ್ನ ಗುರುತು ಹಿಡಿದ್ಲಾ?"

ಅಮ್ಮ ಬಟ್ಟಲಿನಿಂದ ತಲೆಯೆತ್ತಿ, "ಯಾರಮ್ಮಾ ಲೈನಲ್ಲಿ?" ಎಂದಳು.

"ಇಲ್ಲ ಕಣೋ," ಎಂದಳು ಸೊಳ್ಳೆಯಕ್ಕ, ಚಮಚ ತುಂಬುತ್ತಾ. "ಆದ್ರೆ ಒಳಗಿನ ಕಾವಲಿನವರು ಡ್ಯೂಟಿ ಮೇಲಿದ್ದಾರೆ."